ಏರಿಯ ಹೊಟ್ಟೆಯಲ್ಲಿದ್ದ ಹಳೇ ಪೈಪು: ಒಂದು ಸಣ್ಣ ಮಣ್ಣಿನ ಅಣೆಕಟ್ಟಿನ ರಿಪೇರಿ ದಿನಚರಿ

ಏರಿಯ ಮೇಲಿನ ದಾರಿಯಲ್ಲಿ ಒಂದು ತಗ್ಗಿತ್ತು. ನಾಲ್ಕು ಹನಿ ಮಳೆ ಬಿದ್ದರೂ ನೀರು ಅಲ್ಲೇ ನಿಲ್ಲುವುದು. ಆರು ವರ್ಷ, ಮಳೆಗಾಲ ಮುಗಿದ ಮೇಲೆ ಒಂದಷ್ಟು ಜಲ್ಲಿ ಸುರಿದು, ಮೇಲೆ ಮಣ್ಣು ಹರಡಿ, ಟ್ರ್ಯಾಕ್ಟರ್ ಓಡಿಸಿ ಸಮ ಮಾಡುತ್ತ ಬಂದೆ. ಮರುವರ್ಷ ಮತ್ತೆ ಅದೇ ಜಾಗದಲ್ಲಿ ತಗ್ಗು. ಸುರಿದದ್ದೆಲ್ಲ ಎಲ್ಲಿಗೆ ಇಳಿಯುತ್ತಿದೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಅಣೆಕಟ್ಟು ದೊಡ್ಡದೇನಲ್ಲ. ಎತ್ತರ 5.5 ಮೀಟರ್, ಉದ್ದ 110 ಮೀಟರ್, ನೆತ್ತಿಯ ಅಗಲ 3 ಮೀಟರ್. ಪೂರ್ತಿ ಮಣ್ಣಿನದು. ಒಳ ಇಳಿಜಾರು ಒಂದಕ್ಕೆ ಎರಡೂವರೆ, ಅಂದರೆ ಒಂದು ಮೀಟರ್ ಎತ್ತರಕ್ಕೆ ಎರಡೂವರೆ ಮೀಟರ್ ಅಡ್ಡ; ಹೊರ ಇಳಿಜಾರು ಒಂದಕ್ಕೆ ಎರಡು. ಬಲ ತುದಿಯಲ್ಲಿ 6 ಮೀಟರ್ ಅಗಲದ ಕೋಡಿ. ನಡುಮಧ್ಯೆ, ಏರಿಯ ಬುಡದಲ್ಲಿ ಅಡ್ಡಹಾಯ್ದು ಹೋಗುವ ತೂಬಿನ ಪೈಪು: ಸುಕ್ಕುತಗಡಿನದು, 45 ಸೆಂಟಿಮೀಟರ್ ವ್ಯಾಸ, ಸುಮಾರು 28 ಮೀಟರ್ ಉದ್ದ. ಕಟ್ಟಿಸಿದ್ದು ಹಿಂದಿನ ಮಾಲೀಕರು. ನಕ್ಷೆಯಿಲ್ಲ, ಕಾಗದವಿಲ್ಲ, ಐವತ್ತು ವರ್ಷ ದಾಟಿದೆ ಅನ್ನುವುದೊಂದೇ ಗೊತ್ತು. ಕೆಳಗಡೆ ಮುಕ್ಕಾಲು ಕಿಲೋಮೀಟರ್ ದೂರದಲ್ಲಿ ಮೂರು ಮನೆ, ಒಂದು ರಸ್ತೆ.

ಆ ಮೂರು ಮನೆಗಳ ಮಾತು ಮೊದಲೇ ಹೇಳಿಬಿಡುತ್ತೇನೆ. ಅಣೆಕಟ್ಟುಗಳಿಗೆ ಕೊಡುವ 'ಅಪಾಯದ ದರ್ಜೆ' ಕಟ್ಟೆ ಎಷ್ಟು ಗಟ್ಟಿ ಎಂದು ಹೇಳುವುದಿಲ್ಲ. ಒಡೆದರೆ ಕೆಳಗೆ ಏನಾಗುತ್ತದೆ ಎಂದಷ್ಟೇ ಹೇಳುತ್ತದೆ. ನೂರಕ್ಕೆ ನೂರು ಗಟ್ಟಿಯಾದ ಕಟ್ಟೆಯೂ ಕೆಳಗೆ ಜನರಿದ್ದರೆ ಮೇಲಿನ ದರ್ಜೆಗೇ ಸೇರುತ್ತದೆ. ಇದು ನನಗೆ ಗೊತ್ತಾದದ್ದು ಈ ಕೆಲಸ ಹಿಡಿದ ಮೇಲೆ. ಅಲ್ಲಿಯವರೆಗೆ "ಇಷ್ಟು ಸಣ್ಣದಕ್ಕೆ ಏನಾದೀತು" ಎಂಬ ಪೈಕಿಯವನೇ ನಾನು.

ಒದ್ದೆ ಜಾಗ

ಹೊರ ಇಳಿಜಾರಿನ ಬುಡದಲ್ಲಿ, ತೂಬಿನ ಬಾಯಿಯ ಎಡಕ್ಕೆ, ಬೇಸಿಗೆಯಲ್ಲೂ ಹಸಿರಾಗಿರುವ ಒಂದು ಚಾಪೆಯಗಲದ ಜಾಗ ಇತ್ತು. ಜೊಂಡು ಬೆಳೆದಿತ್ತು, ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತಿತ್ತು. ಎರಡು ವರ್ಷದ ಹಿಂದೆ ಅದನ್ನು ನಾನೇ 'ರಿಪೇರಿ' ಮಾಡಿದ್ದೆ. ಒಳ್ಳೆಯ ಜೇಡಿಮಣ್ಣು ತಂದು ಒದ್ದೆಯ ಮೇಲೆ ಒಂದಡಿ ದಪ್ಪ ಹಾಕಿ, ದಮ್ಮಸು ಹೊಡೆದು ಮುಚ್ಚಿದ್ದೆ. ಎರಡು ತಿಂಗಳು ಒಣಗಿತ್ತು. ಆಮೇಲೆ ಒದ್ದೆ ಒಂದು ಮೀಟರ್ ಮೇಲಕ್ಕೆ ಹತ್ತಿ ಕಾಣಿಸಿಕೊಂಡಿತು.

ಈ ಸಲ ಮಣ್ಣಿನ ಕಟ್ಟೆಗಳನ್ನೇ ನೋಡುತ್ತ ತಲೆ ನರೆಸಿಕೊಂಡ ಎಂಜಿನಿಯರ್ ಒಬ್ಬರನ್ನು ಕರೆಸಿದೆ. ಆಕೆ ಬಂದು ಕೇಳಿದ ಮೊದಲ ಮಾತು:

"ಈ ಜೇಡಿ ಯಾರು ಹಾಕಿದ್ದು?"

"ನಾನೇ, ಮೇಡಂ."

"ಹೊರಗಡೆ ಬಿರಡೆ ಹಾಕಿದರೆ ನೀರು ಒಳಗೇ ನಿಂತು ಒತ್ತಡ ಕಟ್ಟುತ್ತೆ. ಏರಿಯ ಒಳಗಿನ ನೀರಿನ ಮಟ್ಟ ಮೇಲೇರುತ್ತೆ. ಅದಕ್ಕೇ ನೋಡಿ, ಮೇಲೆ ಬಂದಿದೆ. ನೀರಿಗೆ ದಾರಿ ಬಿಡಬೇಕು, ಮಣ್ಣಿಗೆ ಬಿಡಬಾರದು."

ಜೇಡಿ ತೆಗೆಸಿದರು. ಜಿನುಗನ್ನೆಲ್ಲ ಒಂದು ಸಣ್ಣ ಕಾಲುವೆಗೆ ತಿರುಗಿಸಿ, ಕೊನೆಗೊಂದು ಪೈಪಿನ ತುಂಡು ಇಟ್ಟೆವು. ಹರಿವು ಅಳೆಯಲು ವಿ ಆಕಾರದ ಕಚ್ಚು ಕೊರೆದ ತಟ್ಟೆ ಇಡೋಣ ಎಂದು ನಾನು ಓದಿಕೊಂಡು ಬಂದಿದ್ದೆ. ಇಷ್ಟು ಸಣ್ಣ ಹರಿವಿಗೆ ಅದರ ಲೆಕ್ಕ ನೆಚ್ಚುವಂತಿಲ್ಲ, ಬಕೆಟ್ ಮತ್ತು ಗಡಿಯಾರವೇ ವಾಸಿ ಎಂದರು. 20 ಲೀಟರಿನ ಬಕೆಟ್ 46 ಸೆಕೆಂಡಿನಲ್ಲಿ ತುಂಬಿತು. ನಿಮಿಷಕ್ಕೆ 26 ಲೀಟರ್. ಕೆರೆಯ ಮಟ್ಟ, ಹಿಂದಿನ ದಿನದ ಮಳೆ, ಎರಡನ್ನೂ ಪಕ್ಕದಲ್ಲೇ ಬರೆದಿಟ್ಟೆ. ಅವಿಲ್ಲದೆ ಆ 26ಕ್ಕೆ ಅರ್ಥವಿಲ್ಲ.

ನೀರೆಷ್ಟು ಎನ್ನುವುದಕ್ಕಿಂತ ಅದು ಹೇಗಿದೆ ಎನ್ನುವುದು ಮುಖ್ಯ. ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಕಿಟಕಿಯಲ್ಲಿಟ್ಟೆ. ಹಿಡಿದಾಗ ಕಣ್ಣಿಗೆ ತಿಳಿಯಾಗಿಯೇ ಕಂಡದ್ದು, ಬೆಳಗಾಗುವಾಗ ತಳದಲ್ಲಿ ಕಂದು ಬಣ್ಣದ ತೆಳು ಗೆರೆಯೊಂದನ್ನು ಬಿಟ್ಟಿತ್ತು. ಮಣ್ಣಿನ ಏರಿ ಯಾವುದಾದರೂ ಸ್ವಲ್ಪ ಜಿನುಗಿಯೇ ಜಿನುಗುತ್ತದೆ, ಅದು ಕಾಯಿಲೆಯಲ್ಲ. ಜಿನುಗುವ ನೀರು ಮಣ್ಣು ಹೊತ್ತು ತರುವುದೇ ಕಾಯಿಲೆ. ಹೊರಬಾಯಲ್ಲಿ ಒಂದು ಕಣ ಹೋದರೆ ಅದರ ಹಿಂದಿನದು ಸಡಿಲವಾಗುತ್ತದೆ. ಬಿಲ ಹಿಂದು ಹಿಂದಕ್ಕೆ ಕೊರೆಯುತ್ತ ಕೆರೆಯ ಕಡೆಗೆ ಹೋಗುತ್ತದೆ. ಕೆರೆಯನ್ನು ಮುಟ್ಟಿದ ಮೇಲೆ ಗಂಟೆಗಳ ಲೆಕ್ಕ. 1976ರ ಜೂನ್ 5ರಂದು ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ ಬೆಳಿಗ್ಗೆ ಕೆಸರು ನೀರು ಕಂಡಿತು. ಮಧ್ಯಾಹ್ನ 12ಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ಕಟ್ಟೆ ಒಡೆದುಹೋಯಿತು. ಅದು ಆಗಷ್ಟೇ ಮೊದಲ ಸಲ ತುಂಬುತ್ತಿದ್ದ ಹೊಸ ಕಟ್ಟೆ, ನನ್ನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ನೀರು ಮಣ್ಣು ಕೊರೆಯುವ ರೀತಿ ಎರಡರಲ್ಲೂ ಒಂದೇ.

ಗೆರೆ ನೋಡಿದ ದಿನವೇ ಕೆಳಗಿನ ಮೂರು ಮನೆಗಳಿಗೆ ಹೋಗಿ ವಿಷಯ ಹೇಳಿ, ಫೋನ್ ನಂಬರ್ ತೆಗೆದುಕೊಂಡು ಬಂದೆ. ಮುಜುಗರವಾಯಿತು. ಆದರೂ ಹೋದೆ.

ಪೊದೆ ಸವರಿದಾಗ ಕಂಡದ್ದು

ಎರಡು ದಿನ ಬರೀ ಮಚ್ಚಿನ ಕೆಲಸ. ಗಿಡಗಂಟಿ ಇರುವವರೆಗೆ ಏರಿಯ ಮೈ ಕಾಣುವುದೇ ಇಲ್ಲ. ಹೆಗ್ಗಣದ ಬಿಲ ಏಳು ಸಿಕ್ಕವು, ನೀರಂಚಿನಲ್ಲಿ ಏಡಿ ತೋಡಿದ್ದು ಲೆಕ್ಕವಿಲ್ಲದಷ್ಟು. ಹೊರ ಇಳಿಜಾರಿನಲ್ಲಿ ಒಂದು ದೊಡ್ಡ ಮರ, ಕಾಂಡವೇ 60 ಸೆಂಟಿಮೀಟರ್ ದಪ್ಪ. ಅದರ ನೆರಳಿನಲ್ಲಿ ಎಷ್ಟೋ ಮಧ್ಯಾಹ್ನ ಕೂತಿದ್ದೇನೆ. ಕಡಿದು ಬೊಡ್ಡೆ ಹಾಗೇ ಬಿಟ್ಟರಾಯಿತಲ್ಲ ಎಂದರೆ ಅದೂ ಆಗದು: ಸತ್ತ ಬೇರು ಕೊಳೆತು ಮಣ್ಣಿನೊಳಗೆ ಕೊಳವೆಯಂಥ ದಾರಿ ಬಿಡುತ್ತದೆ. ಬೊಡ್ಡೆ, ಬೇರು ಎಲ್ಲ ಕಿತ್ತು, ಗುಂಡಿಯ ಅಂಚು ಓರೆಯಾಗಿ ಸವರಿ, ಪದರ ಪದರವಾಗಿ ಮಣ್ಣು ತುಂಬಿ ಬಡಿಯಬೇಕು. ಕೆರೆಯ ಮಟ್ಟ ಇಳಿಸುವ ಮುಂಚೆ ಬೇರಿಗೆ ಕೈ ಹಾಕಬಾರದು.

ಆಮೇಲೆ ಟ್ಯೂಬ್ ಲೆವೆಲ್ ಹಿಡಿದೆವು. ಪಾರದರ್ಶಕ ಪೈಪು, ಅದರಲ್ಲಿ ಗುಳ್ಳೆಯಿಲ್ಲದಂತೆ ತುಂಬಿದ ನೀರು, ಎರಡು ಅಳತೆ ಕೋಲು. ಐದೈದು ಮೀಟರಿಗೆ ಒಂದು ಗೂಟ, ಒಟ್ಟು 23 ಗೂಟ. ನೆತ್ತಿಯ ಎರಡೂ ತುದಿ ಕೋಡಿಯ ಹೊಸ್ತಿಲಿಗಿಂತ ಸರಿಯಾಗಿ 1 ಮೀಟರ್ ಎತ್ತರದಲ್ಲಿವೆ. ನನ್ನ ಜಲ್ಲಿಯ ತಗ್ಗು 72 ಸೆಂಟಿಮೀಟರ್. ಅಂದರೆ 28 ಸೆಂಟಿಮೀಟರ್ ಕುಸಿತ, ಅದೂ ತೂಬಿನ ಪೈಪಿನ ನೇರ ಮೇಲೆ. ಏರಿ ಎಲ್ಲಿ ಅತಿ ಎತ್ತರವೋ ಅಲ್ಲೇ ಕಾಲಕ್ರಮದಲ್ಲಿ ಹೆಚ್ಚು ಕುಸಿಯುವುದು ಸಹಜ. ಹಾಗಾಗಿ ಇದೊಂದರಿಂದಲೇ ಪೈಪಿನ ಮೇಲೆ ತಪ್ಪು ಹೊರಿಸಲಾಗದು. ಆದರೆ ಐವತ್ತು ವರ್ಷ ಹಳೆಯ ಮಣ್ಣು ಈಗಲೂ ವರ್ಷ ವರ್ಷ ಕುಸಿಯುತ್ತಿದೆಯೆಂದರೆ ಸಹಜವಲ್ಲ.

ಆ 28 ಸೆಂಟಿಮೀಟರಿನ ಬೆಲೆ ಲೆಕ್ಕ ಹಾಕಿದೆ. ಅಗಲ ಹೊಸ್ತಿಲಿನ ಕೋಡಿಗೆ ಸರಳ ಸೂತ್ರವಿದೆ: 1.7 ಗುಣಿಸು ಅಗಲ ಗುಣಿಸು ನೀರಿನ ಎತ್ತರದ ಒಂದೂವರೆ ಘಾತ. ಒಂದು ಮೀಟರ್ ನೀರು ಏರುವವರೆಗೆ ಏರಿ ತಡೆಯುವಂತಿದ್ದರೆ ಕೋಡಿ ಸೆಕೆಂಡಿಗೆ 10.2 ಘನ ಮೀಟರ್ ಹೊರಹಾಕಬಲ್ಲದು. 72 ಸೆಂಟಿಮೀಟರಿಗೇ ಏರಿಯ ನಡು ಉಕ್ಕುವುದಾದರೆ 6.2 ಮಾತ್ರ. ಕೋಡಿಗೆ ಕೈಯನ್ನೇ ಹಚ್ಚದೆ ಅದರ ಶಕ್ತಿಯಲ್ಲಿ ಸುಮಾರು ನೂರಕ್ಕೆ 40 ಕಳೆದುಹೋಗಿತ್ತು. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಹೊರ ಇಳಿಜಾರು ಕೊಚ್ಚಿಕೊಂಡು ಹೋಗಲು ಹೆಚ್ಚು ಹೊತ್ತು ಬೇಕಿಲ್ಲ.

ಕೋಡಿಗೂ ಕೈ ಹಚ್ಚಿದ್ದೆ, ಸುಳ್ಳೇಕೆ. ಮೀನು ಕೊಚ್ಚಿಹೋಗದಿರಲಿ ಎಂದು ಅಡ್ಡಲಾಗಿ ಕಬ್ಬಿಣದ ಬಲೆ ಕಟ್ಟಿದ್ದೆ. ಕಸ, ಕೊಂಬೆ ಸಿಕ್ಕಿಕೊಂಡು ಅರ್ಧ ಎತ್ತರ ಮುಚ್ಚಿಹೋಗಿತ್ತು. ಎಂಜಿನಿಯರ್ ಅದನ್ನು ನೋಡಿ, "ಜಾನ್‌ಸ್ಟೌನ್ ಕೇಳಿದ್ದೀರಾ?" ಎಂದರು. ಕೇಳಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಆ ಊರಿನ ಮೇಲ್ಗಡೆ ಇದ್ದ ಸೌತ್ ಫೋರ್ಕ್ ಅಣೆಕಟ್ಟು, ಮಣ್ಣಿನದು, ಶ್ರೀಮಂತರ ಕ್ಲಬ್ಬೊಂದರ ಖಾಸಗಿ ಸೊತ್ತು. ತೂಬಿನ ಪೈಪುಗಳನ್ನು ಹಿಂದಿನ ಮಾಲೀಕರೇ ಕಿತ್ತು ಮಾರಿದ್ದರು. ಕ್ಲಬ್ಬಿನವರು ಮತ್ತೆ ಹಾಕಲಿಲ್ಲ. ನೆತ್ತಿಯನ್ನು ಗಾಡಿ ಓಡಾಟಕ್ಕೆಂದು ತಗ್ಗಿಸಿದರು, ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರ ಮಳೆಗೆ ನೀರು ಏರಿಯ ಮೇಲೆ ಹರಿದು ಒಡೆಯಿತು. ಸತ್ತವರು 2,200ಕ್ಕೂ ಹೆಚ್ಚು ಮಂದಿ. ನನ್ನ ಬಲೆಯನ್ನು ಅಂದೇ ಸಂಜೆ ಕತ್ತರಿಸಿ ತೆಗೆದೆ. ಆ ರಾತ್ರಿ ನಿದ್ದೆ ಸರಿ ಬರಲಿಲ್ಲ.

ನೀರು ಇಳಿಸುವುದು

ತೂಬು ತಿರುಗಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಎಂಜಿನಿಯರ್ ಕೈ ಹಿಡಿದು ತಡೆದರು. ನಮ್ಮ ತೂಬಿನ ವಾಲ್ವ್ ಇರುವುದು ಹೊರತುದಿಯಲ್ಲಿ. ಮುಚ್ಚಿದ್ದಾಗಲೆಲ್ಲ ಪೈಪಿನೊಳಗೆ ಕೆರೆಯ ಪೂರ್ತಿ ಒತ್ತಡ. ತೂತಿದ್ದರೆ ನೀರು ಏರಿಯ ಮಣ್ಣಿಗೇ ಚಿಮ್ಮಿ, ಪೈಪಿನ ಗುಂಟ ದಾರಿ ಮಾಡಿಕೊಂಡು ಬುಡಕ್ಕೆ ಬರುತ್ತದೆ. ವಾಲ್ವ್ ತೆರೆದಾಗ ತಿರುವುಮುರುವು: ಸುತ್ತಲಿನ ಮಣ್ಣು ಅದೇ ತೂತಿನಿಂದ ಪೈಪಿನೊಳಗೆ ಬಂದು ನೀರಿನ ಜೊತೆ ಹೋಗುತ್ತದೆ. ಹೀಗೆ ಐವತ್ತು ವರ್ಷ ಒಳಗೆ ಹೊರಗೆ ನಡೆದಿದ್ದರೆ? ಪೈಪು ಮುಟ್ಟುವುದು ಬೇಡ, ಏರಿಯ ಮೇಲಿಂದಲೇ ಸೈಫನ್ ಹಾಕೋಣ ಎಂದಾಯಿತು.

160 ಮಿಲಿಮೀಟರಿನ ಎರಡು ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು, ಹೊರತುದಿಯಲ್ಲಿ ವಾಲ್ವ್, ನೆತ್ತಿಯಲ್ಲಿ ನೀರು ತುಂಬಲು ಮುಚ್ಚಳ. ಮೊದಲ ದಿನ ಎರಡೂ ಪದೇ ಪದೇ ಉಸಿರು ಕಟ್ಟಿ ನಿಂತವು. ಒಳಬಾಯಿ ನೀರಿನ ಮೇಲ್ಮಟ್ಟಕ್ಕೆ ತೀರಾ ಹತ್ತಿರವಿದ್ದು, ಸುಳಿಯೆದ್ದು ಗಾಳಿ ಎಳೆಯುತ್ತಿತ್ತು. ಬಾಯಿಗೆ ಬುಟ್ಟಿ ಕಟ್ಟಿ, ಕಲ್ಲು ತೂಗಿಬಿಟ್ಟು ಆಳಕ್ಕೆ ಇಳಿಸಿದ ಮೇಲೆ ಓಡಿದವು.

ದಿನಕ್ಕೆ 30 ಸೆಂಟಿಮೀಟರ್ ಮೀರಬಾರದು ಎಂದು ಹೇಳಿ ಹೋಗಿದ್ದರು. ನಾಲ್ಕನೆಯ ದಿನ ಮೋಡ ಕವಿದದ್ದು ನೋಡಿ ಅವಸರವಾಯಿತು. ಒಂದು ಪಂಪನ್ನೂ ಹೂಡಿ ಅರ್ಧ ಮೀಟರ್ ಇಳಿಸಿಬಿಟ್ಟೆ. ಮರುಬೆಳಿಗ್ಗೆ ಒಳ ಇಳಿಜಾರಿನಲ್ಲಿ, ನೀರಂಚಿಗೆ ಸಮಾನಾಂತರವಾಗಿ, ಎಂಟು ಮೀಟರ್ ಉದ್ದದ ಬಿರುಕು. ಕಾರಣ ಸರಳ. ಹೊರಗಿನ ನೀರು ಇಳಿದಷ್ಟು ಬೇಗ ಮಣ್ಣಿನೊಳಗಿನ ನೀರು ಇಳಿಯುವುದಿಲ್ಲ. ಒತ್ತಿ ಹಿಡಿದಿದ್ದ ಆಸರೆ ಹೋಗಿ, ನೆನೆದ ಇಳಿಜಾರು ತನ್ನ ಭಾರಕ್ಕೇ ಜಾರುತ್ತದೆ. ಎಲ್ಲ ನಿಲ್ಲಿಸಿ, ಬಿರುಕಿನ ಎರಡೂ ದಡದಲ್ಲಿ ಮೊಳೆ ಹೊಡೆದು, ಬೆಳಿಗ್ಗೆ ಸಂಜೆ ಅಂತರ ಅಳೆದೆ. ಮೂರು ದಿನ ಕದಲಲಿಲ್ಲ. ಮತ್ತೆ ಶುರು ಮಾಡಿದ್ದು ದಿನಕ್ಕೆ 20ರಂತೆ.

ಒಂದು ಉಪಯೋಗದ ಅಂಕಿಯೂ ಸಿಕ್ಕಿತು. ಕೆರೆ ಒಂದು ಮೀಟರ್ ಇಳಿದಾಗ ಬಕೆಟ್ ತುಂಬಲು 92 ಸೆಕೆಂಡ್ ಹಿಡಿಯಿತು. ಸೋರಿಕೆ ಅರ್ಧಕ್ಕರ್ಧ. ಅಂದರೆ ಇದು ಎಲ್ಲಿಂದಲೋ ಬಂದ ಊಟೆಯಲ್ಲ, ಕೆರೆಯದೇ ನೀರು.

ಪೈಪಿನೊಳಗೆ

ಚರಂಡಿ ಪರೀಕ್ಷಿಸುವ ಕ್ಯಾಮೆರಾ ಬಾಡಿಗೆಗೆ ತಂದು ಹೊರತುದಿಯಿಂದ ತೂರಿಸಿದೆವು. ಮೊದಲ ಹತ್ತು ಮೀಟರ್ ತುಕ್ಕು, ತಳದಲ್ಲಿ ಹೂಳು. 12.4 ಮೀಟರಿಗೆ ಬಂದಾಗ ತಳವೇ ಇಲ್ಲ. ತಗಡು ಕಸೂತಿಯಂತೆ ಹರಿದುಹೋಗಿ, ಪಕ್ಕದಲ್ಲೊಂದು ಮುಷ್ಟಿ ಹಿಡಿಸುವ ತೂತು. ತೂತಿನಾಚೆ ಮಣ್ಣು ಕಾಣಬೇಕಿತ್ತು. ಕಂಡದ್ದು ಕತ್ತಲೆ.

ಹೊರಬುಡದಿಂದ ನೆತ್ತಿಯ ನಡುಗೆರೆಗೆ ಅಡ್ಡಳತೆ ಹನ್ನೆರಡೂವರೆ ಮೀಟರ್. ತೂತು ಇದ್ದದ್ದು ನನ್ನ ಜಲ್ಲಿಯ ತಗ್ಗಿನ ಕೆಳಗೇ. ಯಾರೂ ಏನೂ ಮಾತಾಡಲಿಲ್ಲ.

ಪೂರ್ತಿ ಏರಿ ಬಗೆದು ಹೊಸ ಪೈಪು ಹಾಕುವುದು ಎಲ್ಲಕ್ಕಿಂತ ಸರಿಯಾದ ದಾರಿ. ಅಷ್ಟು ಮಣ್ಣನ್ನು ಮಳೆಗೆ ಮುಂಚೆ ಮತ್ತೆ ಬಡಿದು ಕೂರಿಸುವುದು ನಮ್ಮ ಕೈಲಾಗದು. ಹೊರಗಿನ 8 ಮೀಟರ್ ಬಗೆದು ಬದಲಿಸುವುದು, ಉಳಿದ 20 ಮೀಟರಿಗೆ ಹಳೆಯದರೊಳಗೇ ಹೊಸ ಪೈಪು ತೂರಿಸುವುದು ಎಂದು ನಿರ್ಧಾರವಾಯಿತು. ಹೊಸದು 315 ಮಿಲಿಮೀಟರಿನ ದಪ್ಪ ಗೋಡೆಯ ಎಚ್‌ಡಿಪಿಇ, ಜೋಡಣೆಯೆಲ್ಲ ಕಾಯಿಸಿ ಬೆಸೆದದ್ದು. ಒಳಗೆ ನೀರು ಹರಿಯುವ ಜಾಗ ಹಳೆಯದರ ಅರ್ಧಕ್ಕೂ ಕಡಿಮೆ. ತುರ್ತಿಗೆ ಕೆರೆ ಖಾಲಿ ಮಾಡಬೇಕಾದರೆ ಹೆಚ್ಚು ದಿನ ಹಿಡಿಯುತ್ತದೆ, ಹಾಗಾಗಿ ಸೈಫನ್ ಪೈಪುಗಳನ್ನು ಮಾರಲಿಲ್ಲ.

ಎರಡು ಪೈಪುಗಳ ನಡುವೆ ಗ್ರೌಟು, ಅಂದರೆ ಸಿಮೆಂಟು ಹಾಲು, ತುಂಬಿದ ದಿನ ಜೀವಮಾನವಿಡೀ ನೆನಪಿರುತ್ತದೆ. ಪ್ಲಾಸ್ಟಿಕ್ ಪೈಪು ಸಿಮೆಂಟು ಹಾಲಿನಲ್ಲಿ ಬೆಂಡಿನಂತೆ ತೇಲುತ್ತದೆ. ತೇಲಿ ಹಳೇ ಪೈಪಿನ ಮೇಲ್ಭಾಗಕ್ಕೆ ಅಂಟಿಕೊಂಡರೆ ಮೇಲ್ಗಡೆ ಗ್ರೌಟು ಹೋಗುವುದಿಲ್ಲ. ಮೀಟರಿಗೊಂದು ಆಸರೆ ಬಳೆ ತೊಡಿಸಿ, ಒಳಗೆ ನೀರು ತುಂಬಿಸಿ ಎರಡೂ ತುದಿ ಮುಚ್ಚಿದೆವು. ಗ್ರೌಟು ತಗ್ಗಿನ ತುದಿಯಿಂದ, ಗಾಳಿ ಹೊರಹೋಗುವ ನಳಿಕೆ ಎತ್ತರದ ತುದಿಯಲ್ಲಿ, ಒತ್ತಡ ಆದಷ್ಟು ಕಡಿಮೆ. ಎರಡು ಪೈಪುಗಳ ನಡುವಿನ ಖಾಲಿ ಜಾಗ ಲೆಕ್ಕದ ಪ್ರಕಾರ 1.6 ಘನ ಮೀಟರ್. 1.6 ಹೋಯಿತು, ಮೇಲಿನ ನಳಿಕೆಯಲ್ಲಿ ಬರಲಿಲ್ಲ. 1.8, ಇಲ್ಲ. 2.1ಕ್ಕೆ ಬೂದು ಹಾಲು ಕಾಣಿಸಿಕೊಂಡಿತು. ಹೆಚ್ಚಿಗೆ ಹೋದ ಅರ್ಧ ಘನ ಮೀಟರ್ ಎಂದರೆ 20 ಲೀಟರಿನ 25 ಬಕೆಟ್. ಏರಿಯ ಹೊಟ್ಟೆಯಲ್ಲಿ ಅಷ್ಟು ಟೊಳ್ಳು ಇಟ್ಟುಕೊಂಡು ಅದರ ಮೇಲೆ ಟ್ರ್ಯಾಕ್ಟರ್ ಓಡಿಸುತ್ತಿದ್ದೆ.

ಮರಳಿನ ಕೆಲಸ

ಹೊರಗಿನ 8 ಮೀಟರಿನ ಕೆಲಸದಲ್ಲಿ ನಾನು ಕಲಿತದ್ದು ಹೆಚ್ಚು. ಹಿಂದೆ ಪೈಪಿನ ಸುತ್ತ ಕಾಂಕ್ರೀಟಿನ ಕೊರಳಪಟ್ಟಿ ಕಟ್ಟಿ ಸೋರಿಕೆಗೆ ಅಡ್ಡಗೋಡೆ ಹಾಕುತ್ತಿದ್ದರು. ಪಟ್ಟಿಯ ಮೂಲೆಗಳಲ್ಲಿ ಮಣ್ಣು ಬಡಿಯಲು ಕೈಯೇ ಹೋಗುವುದಿಲ್ಲ, ಅಲ್ಲೇ ಸಡಿಲು ಉಳಿದು ಸೋರುತ್ತದೆ. 1980ರ ದಶಕದಿಂದೀಚೆಗೆ ಅದನ್ನು ಕೈಬಿಟ್ಟು, ಪೈಪಿನ ಸುತ್ತ ಮರಳಿನ ಪರದೆ ಇಡುವ ರೂಢಿ ಬಂದಿದೆ. ಪೈಪಿನ ವ್ಯಾಸದ ಮೂರು ಪಟ್ಟು ಅಕ್ಕಪಕ್ಕಕ್ಕೂ ಮೇಲಕ್ಕೂ, ದಪ್ಪ ಒಂದು ಮೀಟರ್, ಕೆಳಗೆ ಗಟ್ಟಿ ನೆಲದವರೆಗೆ. ನಾವು ಹಳೇ ಪೈಪಿನ ವ್ಯಾಸವನ್ನೇ ಹಿಡಿದು 1.35 ಮೀಟರ್ ಇಟ್ಟೆವು. ಪರದೆಗೆ ಬಂದು ಸೇರಿದ ನೀರು ಜಲ್ಲಿಯೊಳಗಿನ ತೂತುಪೈಪಿಗೆ ಇಳಿದು ಬುಡದ ಆಚೆಗೆ ಹೋಗಬೇಕು.

ಯಾವ ಮರಳು? ಮಣ್ಣಿನ ಎಂಜಿನಿಯರಿಂಗಿಗೆ ತಳಹದಿ ಹಾಕಿದ ಕಾರ್ಲ್ ಟೆರ್ಜಾಗಿ ಹಾಕಿಕೊಟ್ಟ ನಿಯಮ ಇಂದಿಗೂ ಬುನಾದಿ: ಮರಳಿನ ಸಣ್ಣ ಕಣಗಳ ಗಾತ್ರ, ತಡೆಯಬೇಕಾದ ಮಣ್ಣಿನ ದಪ್ಪ ಕಣಗಳ ಗಾತ್ರದ ನಾಲ್ಕೈದು ಪಟ್ಟು ಮೀರಬಾರದು. ಮೀರಿದರೆ ಮಣ್ಣು ಸಂದಿಯಲ್ಲಿ ನುಸುಳಿ ಹೋಗುತ್ತದೆ. ನಮ್ಮ ಮಣ್ಣಿಗೆ ಕಾಂಕ್ರೀಟಿಗೆ ಬಳಸುವ ತೊಳೆದ ಮರಳೇ ಹೊಂದಿತು. ಜಿಯೋಟೆಕ್ಸ್‌ಟೈಲ್ ಎಂಬ ಸೋಸು ಬಟ್ಟೆ ಸುತ್ತಿದರೆ ಸಾಲದೇ ಎಂದು ಕೇಳಿದೆ. "ಬಟ್ಟೆಯ ಕಣ್ಣು ಮಣ್ಣು ಕಟ್ಟಿಕೊಂಡರೆ ಏರಿ ಬಗೆದು ಬದಲಾಯಿಸ್ತೀರಾ?" ಎಂದರು. ಮತ್ತೆ ಕೇಳಲಿಲ್ಲ.

ಮೊದಲ ಲೋಡು ಮರಳು ವಾಪಸ್ ಕಳಿಸಿದೆವು. ಪರೀಕ್ಷೆ ಮಕ್ಕಳಾಟದಂಥದ್ದು: ಒದ್ದೆ ಮರಳನ್ನು ಲೋಟದಲ್ಲಿ ಒತ್ತಿ ತಟ್ಟೆಗೆ ಬೋರಲು ಹಾಕಿ, ತಟ್ಟೆಗೆ ಮೆಲ್ಲಗೆ ನೀರು ತುಂಬುವುದು. ಒಳ್ಳೆಯ ಮರಳು ಕುಸಿದು ಗುಪ್ಪೆಯಾಗುತ್ತದೆ. ಮೊದಲ ಲೋಡಿನದು ಗೋಪುರದಂತೆ ನಿಂತೇ ಇತ್ತು. ಜೇಡಿ ಬೆರೆತಿದೆ ಎಂದರ್ಥ. ಅಂಥ ಮರಳಿನಲ್ಲಿ ಬಿರುಕು ಬಿಟ್ಟರೆ ಅದು ಬಿರುಕಾಗಿಯೇ ಉಳಿಯುತ್ತದೆ. ಕುಸಿದು ತಾನೇ ಮುಚ್ಚಿಕೊಳ್ಳುವುದೇ ಅದರ ಕೆಲಸ.

ಉಳಿದದ್ದು ಮಣ್ಣು ಬಡಿಯುವುದು. 15 ಸೆಂಟಿಮೀಟರ್ ಪದರ, ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು. ಪೈಪಿನ ಕಂಕುಳಲ್ಲಿ ದಮ್ಮಸು ಹಿಡಿಯುವುದಿಲ್ಲವೆಂದು ಅಡಿಗೆ ಕಾಂಕ್ರೀಟಿನ ತೊಟ್ಟಿಲು ಕಟ್ಟಿ, ಪಕ್ಕದ ಮಣ್ಣನ್ನು ಅದಕ್ಕೆ ಒತ್ತಿ ಬಡಿದೆವು. ಒಳತುದಿಯಲ್ಲಿ ಹೊಸ ಬಾಗಿಲು. ಇನ್ನು ಮುಂದೆ ಮುಚ್ಚಿದ್ದಾಗ ಪೈಪು ಖಾಲಿ.

ನೆತ್ತಿಯ ತಗ್ಗನ್ನು ಕೊನೆಗೆ ಬಗೆದೆವು. ಮರದ ಬೊಡ್ಡೆಯ ಉಂಗುರಗಳ ಹಾಗೆ ನನ್ನ ಆರು ವರ್ಷದ ಜಲ್ಲಿ ಆರು ಪದರವಾಗಿ ಅಲ್ಲೇ ಕೂತಿತ್ತು. ಜಲ್ಲಿ ಎಲ್ಲಿಗೂ ಹೋಗಿರಲಿಲ್ಲ, ಅದರ ಕೆಳಗಿನ ನೆಲ ಹೋಗಿತ್ತು. 1.9 ಮೀಟರಿಗೆ ಗಟ್ಟಿ ಮಣ್ಣು ಸಿಕ್ಕಿತು. ಜಲ್ಲಿಯೆಲ್ಲ ಹೊರಗೆ, ಜೇಡಿ ಮಿಶ್ರ ಮಣ್ಣು ಒಳಗೆ. ನಡುವನ್ನು ತುದಿಗಳಿಗಿಂತ 8 ಸೆಂಟಿಮೀಟರ್ ಉಬ್ಬಿಸಿಟ್ಟೆವು, ಕುಸಿಯಲಿಕ್ಕೊಂದಿಷ್ಟು ಪಾಲು.

ತುಂಬಿದ ಮೇಲೆ

ಪ್ರತಿ ಒಂದು ಮೀಟರಿಗೆ ವಾರ ನಿಲ್ಲಿಸಿ, ನೋಡಿ, ಮತ್ತೆ ತುಂಬಿಸಿದೆವು. ಕೋಡಿಯ ಹೊಸ್ತಿಲಿಗೆ ನೀರು ಮುಟ್ಟಿದ ದಿನ ತೂತುಪೈಪಿನ ಬಾಯಲ್ಲಿ ಬಕೆಟ್ ತುಂಬಲು 5 ನಿಮಿಷ 20 ಸೆಕೆಂಡ್. ನಿಮಿಷಕ್ಕೆ ನಾಲ್ಕು ಲೀಟರಿಗೂ ಕಡಿಮೆ. ಬಾಟಲಿ ಎರಡು ರಾತ್ರಿ ಕಿಟಕಿಯಲ್ಲಿತ್ತು, ತಳದಲ್ಲಿ ಏನೂ ಇಲ್ಲ. ನೆತ್ತಿಯ 23 ಗೂಟಗಳಲ್ಲಿ ನಡುವಿನವು ಎರಡು 1 ಸೆಂಟಿಮೀಟರ್ ಇಳಿದಿವೆ.

ಎಡ ಮಗ್ಗುಲಿನಲ್ಲಿ, ಏರಿ ದಿಣ್ಣೆಯನ್ನು ಸೇರುವ ಕಡೆ, ಅಂಗೈಯಗಲದ ಹೊಸ ಒದ್ದೆಯೊಂದು ಕಂಡಿದೆ. ಸುತ್ತ ನಾಲ್ಕು ಗೂಟ ಹೊಡೆದು, ಹುಲ್ಲು ಕತ್ತರಿಸಿಟ್ಟಿದ್ದೇನೆ. ಮೂರು ವಾರವಾಯಿತು, ಗೂಟ ದಾಟಿಲ್ಲ. ಜೇಡಿ ಹಾಕಿಲ್ಲ.